ದೇವರಮನೆಯ ಮಂಜಿನಲ್ಲೊಂದು ಪೇಟೆಂಟ್ ಜಗಳ

ಮೂಡಿಗೆರೆ ದಾಟಿದ್ದೇ ತಡ, ರಸ್ತೆ ಕಾಫಿ ತೋಟಗಳೊಳಗೆ ನುಸುಳುತ್ತದೆ. ಬೆಂಗಳೂರಿನಲ್ಲಿ ಲಿಫ್ಟಿನೊಳಗೂ ಬಿಡದೆ ಕಾಡುವ ನೆಟ್‌ವರ್ಕ್ ಇಲ್ಲಿ ಗುತ್ತಿ ಬರುವಷ್ಟರಲ್ಲಿ ಕೈಕೊಟ್ಟಿದೆ. ಹೊಂಡಗಳು ಮಾತ್ರ ಊರಿನವೇ!

ಡಿಸೆಂಬರ್, ಕುಯ್ಲಿನ ಕಾಲ. ತೋಟವೊಂದರ ಕಣದಲ್ಲಿ ಹೆಂಗಸರು ಕೆಂಪು ಹಣ್ಣು, ಹಸಿರು ಕಾಯಿ ಬೇರೆ ಮಾಡುತ್ತಿದ್ದಾರೆ. ನೀರಿನ ತೊಟ್ಟಿಯಲ್ಲಿ ತೇಲಿದ್ದೆಲ್ಲ ಜೊಳ್ಳು. "ಹೆಂಗೆ ಗೊತ್ತಾಗುತ್ತಕ್ಕಾ?" ಅಂದೆ. "ಕೈಗೇ ಗೊತ್ತಾಗುತ್ತೆ ಬಿಡಿ" ಎಂದು ನಕ್ಕರು.

ದೇವರಮನೆಗೆ ಬಂದರೆ ಮಂಜೋ ಮಂಜು. ಕಾಲಭೈರವೇಶ್ವರನ ಹಳೆಯ ಗುಡಿ ಹತ್ತು ಹೆಜ್ಜೆ ದೂರ ಬರುವವರೆಗೂ ಕಾಣಿಸಲೇ ಇಲ್ಲ. ಗುಡ್ಡ ಹತ್ತಿದರೆ ಹುಲ್ಲು, ಗಾಳಿ, ಮತ್ತೆ ಹುಲ್ಲು. ಅಲ್ಲೇ ಜೊತೆಗಿದ್ದ ಕಾಫಿ ಬೆಳೆಗಾರ ಮಿತ್ರರ ಫೋನಿಗೆ ಜೀವ ಬಂತು. ಸಾಲ ಕೊಡುತ್ತೇವೆಂಬ ಜಾಹೀರಾತು ಮೇಲೆಯೇ ಕೂತಿದೆ. ವ್ಯಾಪಾರಿ ಕಳಿಸಿದ ಕಾಫಿ ದರ ಸ್ಪ್ಯಾಮ್ ಪಾಲಾಗಿದೆ. ಕಣದ ಅಕ್ಕನನ್ನೇ ಕೂರಿಸಬೇಕಿತ್ತು!

ಇನ್ನೊಬ್ಬ ಮಿತ್ರ ವಕೀಲರು. ಹೀಗೆ ಆರಿಸುವ ವಿಧಾನಕ್ಕೂ ಅಮೆರಿಕದಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದ್ದಾರೆ ಎಂದು ಅವರು ಶುರುಮಾಡಿದರು. ಇಂಟಲೆಕ್ಚುವಲ್ ವೆಂಚರ್ಸ್ ಕಂಪನಿ ಸಿಮ್ಯಾಂಟೆಕ್ ಮೇಲೆ ಹೂಡಿದ ದಾವೆಯದು. ಪ್ರತಿ ಇಮೇಲಿನ ಒಕ್ಕಣೆಗೂ ಬೆರಳಚ್ಚಿನಂಥ ಗುರುತು ಕೊಟ್ಟು, ಆ ಗುರುತನ್ನು ಸರ್ವರಿನಲ್ಲಿ ತಾಳೆ ನೋಡಿ, ಬೇಡದ್ದನ್ನು ಹೊರಹಾಕುವ ವಿಧಾನ ಒಂದು ಪೇಟೆಂಟಿನದು. 2016ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಲಕೋಟೆ ನೋಡಿಯೇ ಬೇಡದ ಪತ್ರವನ್ನು ಒಡೆಯದೆ ಎಸೆಯುವುದು ಜನ ಹಿಂದಿನಿಂದಲೂ ಮಾಡಿಕೊಂಡು ಬಂದ ಕೆಲಸ ಎಂದಿತು. 2014ರ ಆಲಿಸ್ ತೀರ್ಪು ಅದಕ್ಕೆ ಬೆನ್ನೆಲುಬು: ಅಮೂರ್ತ ವಿಚಾರವನ್ನು ಕಂಪ್ಯೂಟರಿಗೆ ಹಾಕಿದ ಮಾತ್ರಕ್ಕೆ ಪೇಟೆಂಟ್ ಸಿಗದು.

ಇಳಿಯುವಾಗ ಕೇಳಿದೆ, "ನಮ್ಮಲ್ಲಿ?" ಪೇಟೆಂಟ್ ಕಾಯಿದೆಯ 3(ಕೆ) ಕಲಮು ಬರೀ ಕಂಪ್ಯೂಟರ್ ಪ್ರೋಗ್ರಾಮ್, ಆಲ್ಗಾರಿದಮ್‌ಗಳನ್ನು ಹೊರಗಿಟ್ಟಿದೆ, ಆದರೆ ತಾಂತ್ರಿಕ ಪರಿಣಾಮ ತೋರಿಸಿದರೆ ಬಾಗಿಲು ತೆರೆದೀತು ಎಂದು 2019ರಲ್ಲಿ ದೆಹಲಿ ಹೈಕೋರ್ಟ್ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದೆ.

ಮತ್ತೆ ಮೂಡಿಗೆರೆ. ಕನ್ನಡಕ್ಕೆ ಸ್ವಂತ ತಂತ್ರಾಂಶ ಬೇಕೆಂದು ಪಟ್ಟುಹಿಡಿದ ತೇಜಸ್ವಿಯವರ ಊರಿದು. ಕನ್ನಡದ ಬರಹವನ್ನು ವಿಂಗಡಿಸುವ ಯಂತ್ರಗಳು ಬರುತ್ತಿರುವಾಗ 3(ಕೆ) ಗಟ್ಟಿಯಾಗಿಯೇ ಇರಲಿ. ಯಂತ್ರಕ್ಕೆ ಹಕ್ಕುಪತ್ರ ಇರಬಹುದು. ಜೊಳ್ಳು ಆರಿಸುವ ಬುದ್ಧಿಗೆ ಯಾರೂ ಬೇಲಿ ಹಾಕಬಾರದು.