ಮೀನು ಬಿಟ್ಟವಳ ತಟ್ಟೆ

(1/6)
ಕಳೆದ ವಾರ ಪತ್ರೊಡೆ ಫೋಟೋ ಹಾಕಿದ್ದೇ ಹಾಕಿದ್ದು, ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ. "ನಿಜವಾಗ್ಲೂ ನಾನ್‌ವೆಜ್ ಬಿಟ್ಟಿದೀಯಾ? ಹೆಂಗೆ ಶುರು ಮಾಡೋದು?" ಕ್ಲಾಸಿನ ಮೂರು ಜನ ತಾವೂ ಬಿಡ್ಬೇಕು ಅಂತಿದಾರೆ. ಒಬ್ಬಳಿಗೆ ಪ್ರೋಟೀನ್ ಭಯ. ಇನ್ನೊಬ್ಬಳಿಗೆ ಅವರಮ್ಮನ ಭಯ. ಮೂರನೆಯವನು ಅಯ್ಯಪ್ಪ ಮಾಲೆ ಹಾಕಿದಾಗ ಹೇಗೂ ಬಿಟ್ಟಿರ್ತಾನೆ, "ಅದನ್ನೇ ಹಾಗೇ ಎಳ್ಕೊಂಡು ಹೋಗ್ಬೋದಾ" ಅಂತ ಕೇಳಿದಾನೆ. ಒಬ್ಬೊಬ್ರಿಗೂ ವಾಯ್ಸ್ ನೋಟ್ ಕಳ್ಸಿ ಸಾಕಾಯ್ತು. ಆರು ಪೋಸ್ಟಲ್ಲಿ ಬರೀತೀನಿ, ಸೇವ್ ಮಾಡ್ಕೊಳ್ಳಿ.

ಮೊದಲೇ ಒಂದು ಮಾತು. ನಾನು ಬಿಟ್ಟಿದ್ದು ಯಾವ ಸ್ವಾಮೀಜಿ ಹೇಳಿ ಅಲ್ಲ, ಯಾವ ರೀಲ್ಸ್ ನೋಡಿಯೂ ಅಲ್ಲ. ಲಾಕ್‌ಡೌನ್ ಟೈಮಲ್ಲಿ ಮನೇಲಿ ಕೋಳಿ ನೋಡ್ಕೊಳ್ಳೋ ಕೆಲಸ ನನ್ನ ಪಾಲಿಗೆ ಬಂತು. ಗೂಡು ತೆಗೆಯೋದು, ನುಚ್ಚು ಹಾಕೋದು, ಸಂಜೆ ಎಣಿಸಿ ಮುಚ್ಚೋದು. ಆಮೇಲಿಂದ ಕೋಳಿ ಸಾರು ಗಂಟಲಲ್ಲಿ ಇಳೀತಿರ್ಲಿಲ್ಲ. ಮೀನು ಬಿಡೋಕೆ ಮಾತ್ರ ಇನ್ನೂ ಕೆಲವು ವರ್ಷ ಹಿಡೀತು. ಇಷ್ಟೇ ಕಾರಣ. ಇದು ನನ್ನ ಕಾರಣ, ನಿಮ್ಮದೂ ಇದೇ ಆಗ್ಬೇಕು ಅಂತಿಲ್ಲ.

(2/6)
ಫೋಟೋದಲ್ಲಿರೋದು ಕೂಣಿ. ಬಿದಿರಿಂದು, ತಳ ಇಲ್ಲ, ಮೇಲೆ ಕೈ ಹಾಕೋಕೆ ಬಾಯಿ. ಆನವಟ್ಟಿ, ಸೊರಬ, ಸಾಗರದ ಕಡೆಯವರಿಗೆ ಹೇಳೋದೇ ಬೇಡ. ಬೇರೆಯವರಿಗೆ: ಬೇಸಿಗೇಲಿ ಕೆರೆ ನೀರು ಇಳಿದ ಮೇಲೆ ಊರವರು ದಿನ ಗೊತ್ತು ಮಾಡ್ತಾರೆ, ಕೂಣಿಗೆ ಇಷ್ಟು ಅಂತ ದುಡ್ಡು ಕಟ್ಟಿಸ್ಕೊಳ್ತಾರೆ. ಸುತ್ತಲಿನ ಹಳ್ಳಿಯೋರೆಲ್ಲ ದಂಡೆ ಮೇಲೆ ಸಾಲಾಗಿ ನಿಂತಿರ್ತಾರೆ. ಸೂಚನೆ ಸಿಕ್ಕ ತಕ್ಷಣ ಎಲ್ಲರೂ ಒಟ್ಟಿಗೆ ಕೆಸರಿಗೆ ನುಗ್ತಾರೆ. ಕೂಣಿ ಊರು, ಕೈ ಹಾಕು, ಸಿಕ್ಕಿದ್ದು ಸೊಂಟದ ಚೀಲಕ್ಕೆ. ಇದೇ ಕೆರೆಬೇಟೆ. 2024ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲೆ ಬೆಂಗಳೂರಿನ ಫ್ರೆಂಡ್ಸಿಗೂ ಗೊತ್ತಾಯ್ತು.

ಇಂಥ ಕಡೆ ಮೀನು ಬಿಡೋದು ಅಂದ್ರೆ ಮೆನುವಿನಲ್ಲಿ ಒಂದು ಐಟಂ ತೆಗೆದ ಹಾಗಲ್ಲ. ಮೀನು ಇಲ್ಲಿ ಹಬ್ಬ, ಮೀನು ಇಲ್ಲಿ ನೆಂಟಸ್ತನ. ಮಾವ ಕೆರೆಬೇಟೆ ಮುಗಿಸಿ ಅರ್ಧ ಪಾಲು ನಮ್ಮನೆಗೆ ತಂದು ಕೊಡೋದು ಬರೀ ಊಟ ಅಲ್ಲ, ತಂಗಿ ಮನೆ ಮರೆತಿಲ್ಲ ಅಂತ ಹೇಳೋ ರೀತಿ. ಮಳೆ ಶುರುವಾದಾಗ ಇನ್ನೊಂದು. ಹೊಸ ನೀರಿಗೆ ಎದುರಾಗಿ ಗದ್ದೆ ಕಡೆ ಹತ್ತಿ ಬರೋ ಹತ್ತುಮೀನು. ಅಜ್ಜಿ ಕೇಳಿದ್ದು ಇಷ್ಟೇ: "ಮಳೆಗಾಲದಾಗೆ ಹತ್ತುಮೀನು ಸಾರು ಬೇಡ ಅಂತೀಯಲ್ಲೇ, ನಿಂಗೆ ಹುಷಾರಿಲ್ವೇನೇ?"

ಅವ್ವ ಏನೂ ಕೇಳಲಿಲ್ಲ. ಅದೇ ಜಾಸ್ತಿ ಕಷ್ಟ. ಮೂರು ದಿನ ಬಿಟ್ಟು, ಸಾರು ಬಡಿಸೋವಾಗ ತಲೆ ತಗ್ಗಿಸ್ಕೊಂಡೇ ಅಂದ್ಲು: "ನಾ ಮಾಡಿದ್ದು ಬೇಡ ಆಯ್ತೇನು ಹಂಗಾರೆ?" ಶುರು ಮಾಡೋರು ಪ್ರೋಟೀನ್ ಲೆಕ್ಕಕ್ಕಿಂತ ಮೊದಲು ಈ ಪ್ರಶ್ನೆಗೆ ಉತ್ತರ ಇಟ್ಕೊಳ್ಳಿ. ನಾನು ಕೊಟ್ಟ ಉತ್ತರ ಮಾತಲ್ಲ, ಕೆಲಸ. ಅವತ್ತಿಂದ ಮನೇಲಿ ಇದ್ದಾಗಲೆಲ್ಲ ಅವ್ವನ ಪಕ್ಕ ಕೂತು ಅವಳ ಕೈಯಿಂದಲೇ ಸೊಪ್ಪಿನ ಅಡುಗೆ ಕಲಿಯೋಕೆ ಶುರು ಮಾಡ್ದೆ. ನಮ್ಮನೇಲಿ ಮೀನು ಈಗಲೂ ಬೇಯುತ್ತೆ. ಮಸಾಲೆ ಅರೆದು ಕೊಡೋದು ನಾನೇ. ನನ್ನ ಪಾತ್ರೆ ಬೇರೆ ಇಡಿ, ಒಲೆ ತೊಳೀರಿ ಅಂತ ಒಂದು ದಿನವೂ ಹೇಳಿಲ್ಲ, ಹೇಳೋದೂ ಇಲ್ಲ.

(3/6)
ಈ ಪೋಸ್ಟ್ ಸ್ವಲ್ಪ ಖಾರ.

ಈ ವರ್ಷ ನಾನೂ ನನ್ನ ಕ್ಲಾಸ್‌ಮೇಟೂ ಶಿವಮೊಗ್ಗದಲ್ಲಿ ರೂಮ್ ಹುಡುಕ್ತಿದ್ವಿ. ಒಂದು ಮನೆ ಇಬ್ಬರಿಗೂ ಹಿಡಿಸ್ತು. ಓನರ್ ಆಂಟಿ ಮೊದಲು ಕೇಳಿದ್ದು ಅಡ್ವಾನ್ಸ್ ಅಲ್ಲ. "ವೆಜ್ಜಾ?" ನಾನು ಹೌದಂದೆ. ಇವಳು, "ನಾನು ತಿಂತೀನಿ ಆಂಟಿ, ಆದ್ರೆ ರೂಮಲ್ಲಿ ಮಾಡಲ್ಲ" ಅಂದ್ಲು. ಆಂಟಿ ನನ್ನ ಕಡೆ ತಿರುಗಿ, "ನೀನೊಬ್ಬಳೇ ಬರೋದಾದ್ರೆ ಬಾಮ್ಮ" ಅಂದ್ರು. ಆಮೇಲೆ ಏನೋ ಅನುಮಾನ ಬಂತು. "ಮನೇಲೂ ಯಾರೂ ತಿನ್ನಲ್ವಾ? ನೀವು ಯಾವ ಪೈಕಿ?"

ಅಲ್ಲಿಗೆ ಅರ್ಥ ಆಯ್ತಲ್ಲ, ಕೇಳಿದ್ದು ಊಟ ಅಲ್ಲ ಅಂತ. ನಾವು ಇಬ್ಬರೂ ಎದ್ದು ಬಂದ್ವಿ. ಈಗಿರೋ ರೂಮ್ ಬಸ್ ಸ್ಟ್ಯಾಂಡಿಂದ ದೂರ, ನೀರು ದಿನ ಬಿಟ್ಟು ದಿನ. ಇರ್ಲಿ.

ನಾನ್‌ವೆಜ್ ಬಿಟ್ಟೆ ಅಂದ ತಕ್ಷಣ ನಮ್ಮ ಜನ ಎರಡು ಥರ ಮಾತಾಡ್ತಾರೆ. "ಒಳ್ಳೇದಾಯ್ತು ಬಿಡು, ಶುದ್ಧ ಆದೆ" ಅನ್ನೋರು ಕೆಲವರು. "ಓಹೋ, ದೊಡ್ಡ ಜಾತಿ ಆಗೋಕೆ ಹೊರಟ್ಯಾ" ಅನ್ನೋರು ಕೆಲವರು. ನನಗೆ ಎರಡನೆಯವರ ಮೇಲೆ ಸಿಟ್ಟಿಲ್ಲ. ಅವರ ಮಾತು ಎಲ್ಲಿಂದ ಬಂತು ಅಂತ ಆ ರೂಮಿನ ಬಾಗಿಲಲ್ಲಿ ನಿಂತು ನೋಡಿದೀನಿ. ಮೊದಲನೆಯವರ ಹೊಗಳಿಕೆಯೇ ನನಗೆ ಭಾರ. ನಾನು ಶುದ್ಧ ಆದ್ರೆ ನಮ್ಮಜ್ಜಿ ಏನು? ಆ ಹೊಗಳಿಕೆ ತಗೊಂಡ ದಿನ ನನ್ನ ಮನೆಯೋರನ್ನೆಲ್ಲ ಕೆಳಗೆ ಕೂರಿಸಿದ ಹಾಗೆ.

ಅಂಕಿ ಬೇಕಾದವರಿಗೆ: 2014ರ ಕೇಂದ್ರ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15 ದಾಟಿದವರಲ್ಲಿ ಸಸ್ಯಾಹಾರಿಗಳು ನೂರಕ್ಕೆ 21ರಷ್ಟು. ಅಂದ್ರೆ ಐದರಲ್ಲಿ ನಾಲ್ಕು ಜನ ತಿನ್ನೋರೇ. ಬೋರ್ಡುಗಳನ್ನ ನೋಡಿದ್ರೆ ಉಲ್ಟಾ ಅನ್ಸುತ್ತೆ ಅಲ್ವಾ?

(4/6)
ಸ್ವೈಪ್ ಮಾಡಿ, ಮೊದಲ ಫೋಟೋ ನಮ್ಮೂರ ಕೈಟಭೇಶ್ವರ ದೇವಸ್ಥಾನ. ಟ್ರಿಪ್ಪಿಗೆ ಬರೋರು ಇದನ್ನ ನೋಡಿ ಹೋಗ್ತಾರೆ. ನಮ್ಮೂರಿನ ಬಸದಿ ಕಡೆ ಬರೋರು ಕಡಿಮೆ. ಶಾಸನದಲ್ಲಿ ನಮ್ಮೂರು ಕುಪ್ಪಟೂರು. 1077ರಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿ ಪಾರ್ಶ್ವನಾಥನ ಬಸದಿ ಪ್ರತಿಷ್ಠೆ ಮಾಡಿಸಿದ್ಲು. ಅಂದ್ರೆ ಸೂರ್ಯ ಮುಳುಗೋ ಮೊದಲು ಊಟ ಮುಗಿಸೋ, ಗೆಡ್ಡೆ ಕೂಡ ಮುಟ್ಟದ ಜೈನರ ಪದ್ಧತಿ ಈ ಊರಿಗೆ ಹೊಸದಲ್ಲ. ಶಿಕಾರಿಪುರ ಕಡೆ ಹೋದ್ರೆ ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ, ಶರಣರ ಕಡೆಯೂ ಸಸ್ಯಾಹಾರವೇ. ಅದೇ ಸೀಮೆಯ ಕೆರೆಗಳಲ್ಲಿ ಕೂಣಿ ಊರೋರೂ ಇದ್ದಾರೆ. ಇದು "ಅವರ" ಊಟ, ಅದು "ನಮ್ಮ" ಊಟ ಅಂತ ಗೆರೆ ಎಳೆಯೋ ಮೊದಲು ನಮ್ಮಜ್ಜಿ ಅಡುಗೆಮನೆ ನೋಡಿ.

ಭೂಮಿ ಹುಣ್ಣಿಮೆ ದಿನ ಹಿಂದಿನ ರಾತ್ರಿಯೆಲ್ಲ ಎಚ್ಚರ ಇದ್ದು ಅಜ್ಜಿ ಹಚ್ಚಂಬಲಿ ಮಾಡ್ತಾಳೆ. ಬೇಲಿಯದು, ಹಿತ್ತಲದು, ಗದ್ದೆ ಬದುವಿನದು, ಸಿಕ್ಕ ಸಿಕ್ಕ ಸೊಪ್ಪು, ಕಾಯಿ ಎಲ್ಲಾ ಒಟ್ಟಿಗೆ ಬೇಯಿಸಿದ್ದು. ತೆನೆ ಕಟ್ಟೋ ಭೂಮಿ ಬಸುರಿ, ಅವಳಿಗೆ ಬಯಕೆ ಊಟ ಅಂತ ಚಿತ್ರ ಬರೆದ ಬುಟ್ಟೀಲಿ ಹೊತ್ಕೊಂಡು ಹೋಗಿ ಗದ್ದೆಗೆ ಚರಗ ಚೆಲ್ಲೋದು. ನಾನು ಒಂದು ಸಲ ಕೂತು ಎಣಿಸ್ದೆ, ಅಜ್ಜಿಗೆ ಹೆಸರು ಗೊತ್ತಿರೋ ಸೊಪ್ಪೇ ಮೂವತ್ತರ ಮೇಲೆ. ನನಗೆ ಗೊತ್ತಿದ್ದದ್ದು ಏಳು, ಅದರಲ್ಲಿ ಕೊತ್ತಂಬರಿ ಒಂದು!

ಹಾಗಾಗಿ ಶುರು ಮಾಡೋರಿಗೆ ನನ್ನ ಮೊದಲ ಟಿಪ್: ಸೂಪರ್‌ಮಾರ್ಕೆಟ್ಟಿಗೆ ಹೋಗ್ಬೇಡಿ, ಅಜ್ಜಿ ಹತ್ರ ಹೋಗಿ. ಮಳೆಗಾಲದಲ್ಲಿ ಕಳಲೆ ಬರುತ್ತೆ. ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕ್ಬೇಕು, ಎರಡು ಮೂರು ದಿನ. ಇದನ್ನ ಬಿಟ್ರೆ ಕಹಿ ಮಾತ್ರ ಅಲ್ಲ, ವಿಷ. ಕೆಸುವಿನ ಎಲೆಗೆ ಹುಣಸೆಹುಳಿ ಜೋರಾಗಿ ಬೀಳ್ಬೇಕು, ಇಲ್ಲಾಂದ್ರೆ ಗಂಟಲು ತುರಿಕೆ. ಒಂದೆಲಗ, ದೊಡ್ಡಪತ್ರೆ ಎರಡಕ್ಕೂ ತಂಬುಳಿ. ಹಲಸಿನ ಬೀಜ ಬದನೆಕಾಯಿ ಹುಳಿ. ನಮ್ಮ ಆನವಟ್ಟಿ ಕಡೆ ಇನ್ನೊಂದು ಲಾಭ ಇದೆ: ಅರ್ಧ ಮಲೆನಾಡು, ಅರ್ಧ ಬಯಲು. ಪಕ್ಕದಲ್ಲೇ ಹಾನಗಲ್. ಹಾಗಾಗಿ ತಂಬುಳಿ ಅನ್ನವೂ ಇದೆ, ಜೋಳದ ರೊಟ್ಟಿ ಗುರೆಳ್ಳು ಚಟ್ನಿಯೂ ಇದೆ. ಎರಡೂ ಕಡೆಯದ್ದು ಒಂದೇ ತಟ್ಟೇಲಿ ಹಾಕ್ಕೊಂಡ್ರೆ ಕೇಳೋರ್ಯಾರು?

(5/6)
ಈಗ ಬಿಕಾಂ ಭಾಗ. ಕ್ಯಾಲ್ಕುಲೇಟರ್ ತೆಗೀರಿ.

ಬರೀ ಅನ್ನ, ತಿಳಿಸಾರು, ಮೇಲೊಂದು ಹಪ್ಪಳ ತಿಂದು "ನಾನು ಸಸ್ಯಾಹಾರಿ" ಅಂದ್ರೆ ಅದು ಸಸ್ಯಾಹಾರ ಅಲ್ಲ, ಬರೀ ಅನ್ನಾಹಾರ. ಹಾಸ್ಟೆಲ್ ಮೆಸ್ಸುಗಳಲ್ಲಿ ಸಾಂಬಾರಿನ ಬೇಳೆ ಹುಡುಕೋಕೆ ಕೂಣಿ ಬೇಕು! ಗೋಬಿ ಮಂಚೂರಿನೂ ಲೆಕ್ಕಕ್ಕಿಲ್ಲ. ಅದರ ಕೆಂಪಿಗೆ ಹಾಕೋ ಕೃತಕ ಬಣ್ಣ 2024ರ ಮಾರ್ಚಲ್ಲೇ ನಮ್ಮ ರಾಜ್ಯದಲ್ಲಿ ಬ್ಯಾನ್ ಆಗಿದೆ.

ಐಸಿಎಂಆರ್ 2020ರಲ್ಲಿ ಹೇಳಿದ್ದು: ದೇಹದ ತೂಕ ಒಂದು ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ನಾನು 50 ಕೆಜಿ, ಅಂದ್ರೆ 42 ಗ್ರಾಂ ಸಾಕು. ಕಾಸ್ಟಿಂಗ್ ಮಾಡಿ ನೋಡಿ. 20 ಗ್ರಾಂ ಪ್ರೋಟೀನಿಗೆ ಹುರುಳಿಕಾಳು ಸುಮಾರು 90 ಗ್ರಾಂ ಬೇಕು, ನಮ್ಮ ಕಡೆ ರೇಟಲ್ಲಿ ಹತ್ತು ರೂಪಾಯಿ ಒಳಗೆ. ಶೇಂಗಾ ಆದ್ರೆ ಹನ್ನೆರಡು ರೂಪಾಯಿ ಆಸುಪಾಸು. ಅಷ್ಟೇ ಪ್ರೋಟೀನ್ ಹಾಲಲ್ಲಿ ಬೇಕಂದ್ರೆ ಅರ್ಧ ಲೀಟರಿಗಿಂತ ಜಾಸ್ತಿ ಕುಡೀಬೇಕು, ಖರ್ಚು ಇಪ್ಪತ್ತೈದು ದಾಟುತ್ತೆ. ಪನೀರ್ ಅಂದ್ರೆ ನಲವತ್ತು ದಾಟುತ್ತೆ, ಅದು ನಮ್ಮಂಥವರಿಗಲ್ಲ, ಮದುವೆ ಊಟಕ್ಕೆ. ರೀಲ್ಸಲ್ಲಿ ಬರೋ ಪ್ರೋಟೀನ್ ಪೌಡರ್ ಡಬ್ಬಿ ರೇಟು ಹೇಳಿದ್ರೆ ಅಪ್ಪ ನನ್ನ ಫೋನೇ ಕಿತ್ಕೊಳ್ತಾರೆ. ಅಜ್ಜ ಇದ್ದಾಗ ಉಳೋ ಎತ್ತಿಗೆ ಹುರುಳಿ ಬೇಯಿಸಿ ಹಾಕ್ತಿದ್ರು, ಕಟ್ಟಿನಲ್ಲಿ ಮನೆಯೋರಿಗೆ ಸಾರು. ಎತ್ತಿಗೆ ಸಾಕಾಗಿದ್ದು ನಿನಗೆ ಸಾಕಾಗಲ್ವಾ ಜಿಮ್ ಮೇಡಂ?

ನನ್ನ ಮಾಮೂಲಿ ದಿನ: ಬೆಳಿಗ್ಗೆ ಎರಡು ರೊಟ್ಟಿ, ಶೇಂಗಾ ಚಟ್ನಿ. ಮಧ್ಯಾಹ್ನ ಅನ್ನ, ಗಟ್ಟಿಯಾಗಿ ಹುರುಳಿ ಅಥವಾ ಹೆಸರುಕಾಳು, ಒಂದು ಸೊಪ್ಪು. ರಾತ್ರಿ ಅನ್ನ, ಮೊಸರು. ನಡುವೆ ಒಂದು ಲೋಟ ಹಾಲು. ಕೂಡಿ ನೋಡಿದ್ರೆ 45ರ ಮೇಲೇ ಬರುತ್ತೆ. ಅಕ್ಕಿ, ಜೋಳದಲ್ಲಿ ಕಡಿಮೆ ಇರೋ ಅಮೈನೋ ಆಮ್ಲ ಕಾಳಲ್ಲಿ ಇರುತ್ತೆ, ಕಾಳಲ್ಲಿ ಕಡಿಮೆ ಇರೋದು ಅಕ್ಕೀಲಿ. ಅದಕ್ಕೇ ಎರಡೂ ಬೇಕು. ಒಂದೇ ತುತ್ತಲ್ಲಿ ಬೇಕಂತಿಲ್ಲ, ದಿನದಲ್ಲಿ ಎರಡೂ ಹೋದ್ರೆ ಆಯ್ತು.

(6/6)
ಪ್ರೋಟೀನ್ ಬಗ್ಗೆ ಎಲ್ಲರೂ ಹೆದರ್ತಾರೆ. ನಿಜವಾಗಿ ಹೆದರ್ಬೇಕಾದ್ದು ಬೇರೆ ಎರಡು. ಹುಡುಗೀರು ಇದನ್ನ ಸ್ಕಿಪ್ ಮಾಡ್ಬೇಡಿ.

ಒಂದು ಕಬ್ಬಿಣ. ನಮ್ಮ ವಯಸ್ಸಿನ ಹೆಣ್ಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಹುಡುಗರಿಗೆ 19 ಸಾಕು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಮೀನು, ಮಾಂಸದ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುತ್ತೆ, ಸೊಪ್ಪು ಕಾಳಿಂದು ಅಷ್ಟು ಸುಲಭ ಅಲ್ಲ. ಅದಕ್ಕೆ ಎರಡು ಉಪಾಯ. ಊಟಕ್ಕೆ ನಿಂಬೆಹಣ್ಣು ಹಿಂಡ್ಕೊಳ್ಳಿ, ಇಲ್ಲಾ ನೆಲ್ಲಿಕಾಯಿ ತಿನ್ನಿ, ಹುಳಿಯ ವಿಟಮಿನ್ ಸಿ ಕಬ್ಬಿಣವನ್ನ ಎಳ್ಕೊಳ್ಳುತ್ತೆ. ಊಟದ ಜೊತೆಗೇ ಚಹಾ, ಕಾಫಿ ಬೇಡ, ಒಂದು ಗಂಟೆ ತಡೀರಿ. ಕ್ಯಾಂಟೀನಲ್ಲಿ ತಟ್ಟೆ ಇಟ್ಟ ತಕ್ಷಣ "ಎರಡು ಟೀ" ಅನ್ನೋರು ನೀವೇ, ಹೆಸರು ಹೇಳಲ್ಲ.

ಎರಡನೇದು ಬಿ12. ಇದು ಯಾವ ಸೊಪ್ಪಲ್ಲೂ ಇಲ್ಲ, ಯಾವ ಕಾಳಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೇಲಿ ಇದೆ. ಮೀನು, ಮಾಂಸದ ಜೊತೆ ಹಾಲೂ ಬಿಟ್ಟು ವೀಗನ್ ಆಗ್ತೀನಿ ಅನ್ನೋರು ಮಾತ್ರೆ ತಗೊಳ್ಳಲೇಬೇಕು, ಬೇರೆ ದಾರಿ ಇಲ್ಲ. ಮೋಸ ಏನು ಗೊತ್ತಾ, ಲಿವರಲ್ಲಿ ಬಿ12 ವರ್ಷಗಟ್ಟಲೆ ಸಾಕಾಗೋಷ್ಟು ಸ್ಟಾಕ್ ಇರುತ್ತೆ. ಓಪನಿಂಗ್ ಬ್ಯಾಲೆನ್ಸ್ ಖರ್ಚಾಗೋವರೆಗೂ ಎಲ್ಲಾ ಸರಿ ಇದೆ ಅನ್ಸುತ್ತೆ. ಆಮೇಲೆ ಸುಸ್ತು, ಕೈಕಾಲು ಜುಂ ಅನ್ನೋದು. ವರ್ಷಕ್ಕೊಂದ್ಸಲ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ನೂ ಬಿ12ಉ ಎರಡೂ. ಕಡಿಮೆ ಬಂದ್ರೆ ಡಾಕ್ಟರ್ ಹತ್ರ ಹೋಗಿ, ಯೂಟ್ಯೂಬ್ ಹತ್ರ ಅಲ್ಲ. ನಾನು ಮೊಟ್ಟೆ ತಿನ್ನಲ್ಲ, ಹಾಲು ಮೊಸರು ದಿನಾ ಇರುತ್ತೆ. ನೀವು ಮೊಟ್ಟೆ ಇಟ್ಕೊಂಡ್ರೆ ಇನ್ನೂ ಸುಲಭ. ಅದಕ್ಕೆ ನಿಮ್ಮನ್ನ ಯಾರಾದ್ರೂ "ನೀನು ಪೂರ್ತಿ ವೆಜ್ ಅಲ್ಲ" ಅಂದ್ರೆ ಅನ್ಲಿ.

ಮಾಲೆ ಹಾಕೋ ತಮ್ಮಯ್ಯನಿಗೆ: ಎಳೀಬೋದು. ಆದ್ರೆ ವ್ರತದಲ್ಲಿ ಇಡೀ ಮನೆಯೋರು ನಿನಗೋಸ್ಕರ ಮಡಿಯಾಗಿ ಅಡುಗೆ ಮಾಡಿ ಕೊಡ್ತಾರೆ. ಮಾಲೆ ತೆಗೆದ ಮೇಲೆ ಆ ಸೇವೆ ಸಿಗಲ್ಲ, ಕಾಳು ನೀನೇ ನೆನೆಸ್ಬೇಕು. ಒಮ್ಮೆಲೇ ಬಿಡೋಕಾಗದಿದ್ರೆ ವಾರಕ್ಕೆ ನಾಲ್ಕು ದಿನದಿಂದ ಶುರು ಮಾಡು. ಸೋಮವಾರ, ಶನಿವಾರ ನಿಮ್ಮನೇಲಿ ಹೇಗೂ ಮಾಡಲ್ಲ ಅಂದಿದ್ದೆ, ಎರಡು ದಿನ ಫ್ರೀ ಸಿಕ್ತು ನೋಡು.

ಅಮ್ಮನ ಭಯ ಇರೋಳಿಗೆ ಏನು ಹೇಳ್ಲಿ? ನಮ್ಮತ್ತೆ ಮೊನ್ನೆ ಬಂದಾಗ, "ನಾಳೆ ಕೊಟ್ಟ ಮನೇಲಿ ತಿನ್ನೋರೇ ಇದ್ರೆ ಏನ್ ಮಾಡ್ತಾಳೆ ಇವ್ಳು" ಅಂತ ಅವ್ವನ್ನ ಕೇಳಿದ್ರು. ನಾನು ಬಾಯಿ ತೆಗೆಯೋ ಮೊದಲೇ ಅವ್ವ ಅಂದ್ಲು, "ಮಾಡಿ ಹಾಕ್ತಾಳೆ, ತಿನ್ನಲ್ಲ. ಅದ್ರಾಗೇನೈತಿ?" ಆಮೇಲೆ ಎದ್ದು ಹೋಗಿ ಅತ್ತೆಗೆ ಮೀನು, ನನಗೆ ಹರಿವೆಸೊಪ್ಪು ಬಡಿಸಿದ್ಲು. ಎರಡಕ್ಕೂ ಒಂದೇ ಸೌಟು. ನಾನು ಅದನ್ನ ನೋಡ್ದೆ, ಊಟ ಮಾಡ್ದೆ.