ಒರಿಜಿನಲ್ಲೋ, ಡುಪ್ಲಿಕೇಟೋ?

ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ ಕಾರಿನೊಳಗೆ ಏನೋ ಸುಟ್ಟ ವಾಸನೆ ಬಂತು. ಹಿಂದಿನ ಸೀಟಿನಲ್ಲಿ ಅಮ್ಮಿ ತಸ್ಬೀಹ್ ಎಣಿಸುತ್ತಿದ್ದರು. ಬ್ರೇಕ್ ಒತ್ತಿದರೆ ಕರಕರ ಸದ್ದು. ಕಾರು ನಿಲ್ಲಬೇಕಾದಲ್ಲಿ ನಿಲ್ಲುತ್ತಿರಲಿಲ್ಲ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆಯುತ್ತಾ, ಅಲ್ಲಾಹನನ್ನು ನೆನೆಯುತ್ತಾ ಹೇಗೋ ಕೆಳಗಿಳಿದೆವು.

ಬೆಳ್ತಂಗಡಿಯ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದ ಮೆಕ್ಯಾನಿಕ್ ಅಂಗೈಯಲ್ಲಿ ಎರಡು ತುಂಡು ಹಿಡಿದುಕೊಂಡು ಬಂದ. "ಸಾಹೇಬರೇ, ಇದು ಎಲ್ಲಿಂದ ತಂದದ್ದು?" ಒಂದು ಉಕ್ಕಿನ ತಗಡು, ಇನ್ನೊಂದು ಅದಕ್ಕೆ ಅಂಟಿಕೊಂಡಿರಬೇಕಾಗಿದ್ದ ಕಪ್ಪು ಪ್ಯಾಡು. ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಒತ್ತಿದ ಬಿಸಿಗೆ ಅಂಟು ಬಿಟ್ಟುಹೋಗಿತ್ತು.

ತಂದದ್ದು ನಾವೇ, ಬಂಟ್ವಾಳದ ಪರಿಚಯದ ಅಂಗಡಿಯಿಂದ. ಜುಮಾದ ಸಾಲಿನಲ್ಲಿ ನಮ್ಮ ಪಕ್ಕದಲ್ಲೇ ನಿಲ್ಲುವವರು. ಡಬ್ಬಿಯ ಮೇಲೆ ಕಂಪೆನಿಯ ಹೆಸರೇ ಇತ್ತು. ಬೆಲೆ ಮಾತ್ರ ಶೋರೂಮಿನ ಅರ್ಧ. ಅದು ಹೇಗೆ ಎಂದು ಕೇಳುವ ಮನಸ್ಸು ಆಗ ನಮಗೂ ಇರಲಿಲ್ಲ.

ಒರಿಜಿನಲ್, ಡುಪ್ಲಿಕೇಟ್ ಎಂದು ಎರಡೇ ಜಾತಿ ಎಂದುಕೊಂಡಿದ್ದ ನಮಗೆ ಮೆಕ್ಯಾನಿಕ್ ಪಾಠ ಹೇಳಿದ. ಕಾರು ಕಂಪೆನಿ ಎಲ್ಲ ಬಿಡಿಭಾಗಗಳನ್ನೂ ತಾನೇ ಮಾಡುವುದಿಲ್ಲ; ಬೇರೆ ತಯಾರಕರಿಂದ ಕೊಳ್ಳುತ್ತದೆ. ಅಂಥ ತಯಾರಕರು ತಮ್ಮ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ, ಸಾಮಾನ್ಯವಾಗಿ ಬೆಲೆ ಕಡಿಮೆ. ಬೆಂಗಳೂರಿನ ಮೈಕೋ ಕಂಪೆನಿಯ (2008ರಿಂದ ಅದರ ಹೆಸರು ಬಾಷ್) ಸ್ಪಾರ್ಕ್ ಪ್ಲಗ್ಗನ್ನು ಯಾರು ತಾನೇ ಡುಪ್ಲಿಕೇಟ್ ಎಂದಾರು? ಮೋಸವಿರುವುದು ಮೂರನೆಯದರಲ್ಲಿ: ಒಬ್ಬರ ಹೆಸರಿನ ಡಬ್ಬಿ, ಒಳಗೆ ಇನ್ಯಾರದೋ ಮಾಲು. "ವೈಪರ್, ಮ್ಯಾಟ್ ಯಾವುದಾದರೂ ಹಾಕಿಸಿ. ಬ್ರೇಕು, ಸ್ಟಿಯರಿಂಗಿನದ್ದು ಮಾತ್ರ ಬಿಲ್ಲು ಕೊಡುವವರಿಂದಲೇ ತೆಗೊಳ್ಳಿ" ಎಂದ.

ಗಿರಾಕಿಯನ್ನು ಅಗ್ಗದ ಡಬ್ಬಿಯತ್ತ ತಳ್ಳಿದ್ದರಲ್ಲಿ ದೊಡ್ಡವರ ಪಾಲೂ ಇದೆ. ಬಿಡಿಭಾಗಗಳು ಹೊರಗಿನ ಅಂಗಡಿ, ಗ್ಯಾರೇಜುಗಳಿಗೆ ಸಲೀಸಾಗಿ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು.

ಆ ಎರಡು ತುಂಡುಗಳನ್ನು ಅಂಗಡಿಯವರ ಮುಂದಿಟ್ಟೆವು. "ಕಡಿಮೆಯದ್ದು ಬೇಕು ಅಂತ ಕೇಳಿದ್ದು ನೀವೇ ಅಲ್ವಾ ಭಾಯ್?" ಎಂದರು. ಕೇಳಿದ್ದು ನಿಜ. ಆದರೆ ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒದ್ದೆಯನ್ನು ಕಂಡಾಗ ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಂಡದ್ದು ಬೆಲೆಗಾಗಿ ಅಲ್ಲ, ಒದ್ದೆಯನ್ನು ಅಡಿಯಲ್ಲಿ ಬಚ್ಚಿಟ್ಟದ್ದಕ್ಕೆ. ಅಷ್ಟು ಹೇಳಿ, ದೊಡ್ಡ ಮನುಷ್ಯರಂತೆ ಎದ್ದು ಬಂದೆವು.

ಕೆಲವು ತಿಂಗಳ ನಂತರ ಆ ಕಾರನ್ನು ಮಾರಲೆಂದು ಸಿದ್ದಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಒಯ್ದೆವು. ಕೊಳ್ಳುವವರು ಒಬ್ಬ ಜೈನ ಮಾಸ್ತರರು. ಸುತ್ತಲೂ ನೋಡಿ, "ಒಳಗಿನ ಸಾಮಾನೆಲ್ಲ ಕಂಪೆನಿಯದ್ದೇ ಅಲ್ವಾ ಸಾಹೇಬರೇ?" ಎಂದರು. ಕ್ಲಚ್ ಪ್ಲೇಟನ್ನು ಗುಜರಿಯಿಂದ ತಂದು ಹಾಕಿಸಿದ್ದು ನೆನಪಾಯಿತು. "ಹೌದು" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈಗ ರಾಶಿ ನಮ್ಮದೇ.

ಹೇಳಿಬಿಟ್ಟೆವು. ಅವರು ನಾಲ್ಕು ಸಾವಿರ ಕಡಿಮೆ ಮಾಡಿದರು. ಬಸ್ಸು ಹಿಡಿದು ಮನೆಗೆ ಬಂದು ಲೆಕ್ಕ ಒಪ್ಪಿಸಿದಾಗ ಅಮ್ಮಿ, "ನಾಲ್ಕು ಸಾವಿರ ಹೋಯ್ತಲ್ಲಾ!" ಎಂದು ಗೊಣಗಿದರು. ಸ್ವಲ್ಪ ಹೊತ್ತು ಬಿಟ್ಟು, "ಹೋಗಲಿ ಬಿಡು, ಆ ಮಾಸ್ತರರಿಗೂ ಒಬ್ಬ ತಾಯಿ ಇರಬಹುದು" ಎಂದರು.