ಹುಕ್ಕೇರಿಯ ಒತ್ತಿಗೆ ಜಾಗ ಬೇಕು

ಅರಭಾವಿ, ಗೋಕಾಕ, ಮೂಡಲಗಿ. ಈ ಮೂರು ಹೆಸರುಗಳಲ್ಲಿ ಒಂದೂ ಒತ್ತಕ್ಷರ ಇಲ್ಲ. ಹುಕ್ಕೇರಿ, ಕಲ್ಲೋಳಿ, ಘಟಪ್ರಭಾ ಬರೆದು ನೋಡಿ, ಅಕ್ಷರದ ಕೆಳಗೆ ಒತ್ತು ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಪುಟ ಕಟ್ಟಲು ಕೂತಾಗ ನಮ್ಮ ತಕರಾರು ಶುರುವಾಗುವುದು ಇಲ್ಲಿಂದಲೇ.

ಸಾಲಿನ ಅಂತರ ನಮ್ಮ ರೈತರಿಗೆ ಹೊಸದಲ್ಲ. ಗೋವಿನಜೋಳಕ್ಕೆ ಎರಡು ಅಡಿ ಸಾಕು, ಕಬ್ಬಿಗೆ ನಾಲ್ಕೈದು ಅಡಿ ಬೇಕು. ಅಕ್ಷರದ ಸಾಲಿಗೂ ಅದೇ ಲೆಕ್ಕ. ಮೊಳೆ ಜೋಡಿಸುವ ಕಾಲದಲ್ಲಿ ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರು. ಸೀಸಕ್ಕೆ ಇಂಗ್ಲಿಷಿನಲ್ಲಿ ಲೆಡ್. ಹಾಗಾಗಿ ಈ ಅಂತರಕ್ಕೆ 'ಲೆಡಿಂಗ್' ಎಂಬ ಹೆಸರು ಬಂತು.

ಪೇಜ್‌ಮೇಕರ್‌ನಲ್ಲಿ 'ಆಟೋ' ಎಂದು ಬಿಟ್ಟರೆ ಅಂತರ ಅಕ್ಷರದ ಅಳತೆಯ 120 ಪ್ರತಿಶತ. 10 ಪಾಯಿಂಟಿಗೆ 12, 20ಕ್ಕೆ 24. ಫಾಂಟ್ ಯಾವುದು, ಒತ್ತು ಎಷ್ಟು ಇಳಿಯುತ್ತದೆ ಎಂದು ಅದು ನೋಡುವುದಿಲ್ಲ. ಸಾಲಿನಲ್ಲಿ ಒಂದೇ ಪದ ದೊಡ್ಡದು ಮಾಡಿದರೂ ಆ ಸಾಲಿನ ಅಂತರ ಹಿಗ್ಗುತ್ತದೆ.

ವರ್ಡ್‌ನ ದಾರಿ ಬೇರೆ. 'ಸಿಂಗಲ್' ಎಂದಿದ್ದರೆ ಫಾಂಟ್ ಮಾಡಿದವರು ಅದರೊಳಗೇ ಇಟ್ಟ ಎತ್ತರವನ್ನು ತೆಗೆದುಕೊಳ್ಳುತ್ತದೆ. ತುಂಗಾ ತೆಗೆದು ನೋಟೊ ಸಾನ್ಸ್ ಕನ್ನಡ ಹಾಕಿ. ಅಳತೆ ಅದೇ ಇದ್ದರೂ ಸಾಲುಗಳು ಸರಿಯುತ್ತವೆ, ಪುಟದ ಲೆಕ್ಕವೂ ಬದಲಾಗಬಹುದು. ಒಂದೇ ಪುಟದಲ್ಲಿ ಹಿಡಿಸಬೇಕೆಂದು 'ಎಕ್ಸಾಕ್ಟ್‌ಲಿ' ಒತ್ತಿ ಅಂತರ ಬಿಗಿ ಮಾಡಿದರೆ ಅಕ್ಷರದ ಅಂಚು ಕತ್ತರಿಸುತ್ತದೆ, ಇಲ್ಲವೇ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ.

ಇದು ಬರೀ ಅಂದಚಂದದ ಮಾತಲ್ಲ. ಒತ್ತು ಹೋದರೆ 'ಹಳ್ಳಿ' ರೈಲಿನ 'ಹಳಿ' ಆಗುತ್ತದೆ. 'ಅಕ್ಕಿ' ನಮ್ಮ ಕಡೆಯ 'ಅಕಿ' ಆಗುತ್ತಾಳೆ! ಫಲಾನುಭವಿಗಳ ಪಟ್ಟಿಯನ್ನು ಝೆರಾಕ್ಸ್ ಮಾಡಿ, ಅದರ ಫೋಟೊ ತೆಗೆದು ವಾಟ್ಸಾಪಿಗೆ ಹಾಕುವ ಹೊತ್ತಿಗೆ ಬಿಗಿ ಸಾಲಿನ ಒತ್ತುಗಳು ಕರಿ ಚುಕ್ಕಿಗಳಾಗಿರುತ್ತವೆ. ಅಲ್ಲಿರುವುದು ಮಲ್ಲವ್ವನೋ ಮಾಲವ್ವನೋ ಎಂದು ಹುಡುಕುವವರು ಕಣ್ಣು ಕಿರಿದು ಮಾಡಿ ನೋಡಬೇಕು. ತನ್ನ ಹೆಸರು ತನಗೇ ಸಿಗದೆ ಹಿಂದಿರುಗುವವರೂ ಇರುತ್ತಾರೆ.

ಹಾಗಾಗಿ ನಮ್ಮ ಗುಂಪಿನಲ್ಲಿ ಒಂದು ರೂಢಿ ಇದೆ. ಫಾಂಟ್ ಬದಲಿಸಿದ ಕೂಡಲೇ 'ಹುಕ್ಕೇರಿ', 'ರಾಷ್ಟ್ರ', 'ಸ್ತ್ರೀ' ಎಂದು ಎರಡು ಸಾಲು ಒಂದರ ಕೆಳಗೊಂದು ಟೈಪ್ ಮಾಡುತ್ತೇವೆ. ತಾಗಿದರೆ 'ಮಲ್ಟಿಪಲ್'ಗೆ ಹೋಗಿ ಅಂತರ ಹೆಚ್ಚಿಸುತ್ತೇವೆ. ಆಮೇಲೆ ಒಂದು ಹಾಳೆ ಪ್ರಿಂಟ್ ತೆಗೆದು, ಮೊಬೈಲಿನಲ್ಲಿ ಫೋಟೊ ಹಿಡಿದು ಓದುತ್ತೇವೆ. ಜಾಗ ಸಾಲದಿದ್ದರೆ ಇನ್ನೊಂದು ಹಾಳೆ ಹಾಕುತ್ತೇವೆ. ಹಾಳೆಯ ಖರ್ಚು ಸಣ್ಣದು, ಊರಿನವರ ಹೆಸರು ದೊಡ್ಡದು.